ವಿದ್ಯುದಾಗಾರದ ನೀರಿನ ಮೇಲೆ ಎಣ್ಣೆ ಹಿಡಿಯುವುದು: ಸೆನ್ಸರ್‌ಗಿಂತ ಮೊದಲು ಜಾಗದ ಲೆಕ್ಕ

ಜಲವಿದ್ಯುದಾಗಾರದಲ್ಲಿ ಎಣ್ಣೆಯೂ ನೀರೂ ಒಂದು ತೆಳು ಲೋಹದ ಗೋಡೆಯ ಆಚೆ ಈಚೆ ಹರಿಯುವ ಜಾಗಗಳು ಬೇಕಾದಷ್ಟಿವೆ. ಬೇರಿಂಗ್ ಕೂಲರ್, ಟ್ರಾನ್ಸ್‌ಫಾರ್ಮರ್ ಕೂಲರ್, ಟರ್ಬೈನಿನ ವೇಗ ಹಿಡಿತದಲ್ಲಿಡುವ ಗವರ್ನರಿನ ಸರ್ವೋ ಮೋಟಾರು (ಎಣ್ಣೆಯ ಒತ್ತಡದಿಂದ ನೀರಿನ ಬಾಗಿಲು ತಿರುಗಿಸುವ ಸಾಧನ), ಎಲೆಗಳ ಓರೆ ಬದಲಿಸಬಲ್ಲ ಕಾಪ್ಲಾನ್ ಟರ್ಬೈನ್ ಆದರೆ ರನ್ನರಿನ (ತಿರುಗುವ ಚಕ್ರದ) ಹಬ್. ಎಲ್ಲಿ ಸೋರಿದರೂ ಎಣ್ಣೆ ಕೊನೆಗೆ ಹೋಗಿ ಸೇರುವುದು ಹೊಳೆಗೆ. ನೀರಿನ ಮೇಲೆ ಎಣ್ಣೆ ಬಂದರೆ ತಾನಾಗಿ ತಿಳಿಸುವ ಸಾಧನ ಬೇಕು ಎಂದಾಗ ಚರ್ಚೆಯೆಲ್ಲ ಯಾವ ಸೆನ್ಸರ್ ಕೊಳ್ಳಬೇಕು ಎಂಬಲ್ಲಿಗೇ ನಿಲ್ಲುತ್ತದೆ. ಆದರೆ ಎಂಥ ದುಬಾರಿ ಸೆನ್ಸರ್ ಆದರೂ ಅದು ನೋಡುವುದು ಅಂಗೈ ಅಗಲದ ನೀರನ್ನು. ಸೋರಿದ ಎಣ್ಣೆ ಆ ಅಂಗೈ ಅಗಲಕ್ಕೆ ಬಂದೇ ತೀರುವಂತೆ ಮಾಡುವುದು ಅದನ್ನು ಕೂರಿಸುವವರ ಕೆಲಸ. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ಮೊದಲು ಪ್ರಮಾಣದ ಅಂದಾಜು ಇರಲಿ. ಒಂದು ಫ್ಲ್ಯಾಂಜಿನಿಂದ (ಪೈಪಿನ ಬೋಲ್ಟು ಜೋಡಣೆಯಿಂದ) ನಿಮಿಷಕ್ಕೆ 15 ಹನಿ ಎಣ್ಣೆ ತೊಟ್ಟಿಕ್ಕುತ್ತಿದೆ ಎಂದುಕೊಳ್ಳಿ. ಎಣ್ಣೆಯ ಹನಿ ನೀರಿನ ಹನಿಗಿಂತ ಸಣ್ಣದು. ಸುಮಾರು 30 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಗಂಟೆಗೆ 30 ಮಿಲಿಲೀಟರ್, ದಿನಕ್ಕೆ 720. ಇದು 4 ಮೀಟರ್ ಉದ್ದ, 3 ಮೀಟರ್ ಅಗಲದ ಡ್ರೈನೇಜ್ ಸಂಪಿಗೆ (ಸೋರಿದ ನೀರೆಲ್ಲ ಸೇರುವ ಗುಂಡಿಗೆ) ಬಿದ್ದರೆ ದಿನ ಕಳೆಯುವಷ್ಟರಲ್ಲಿ ಸರಾಸರಿ 60 ಮೈಕ್ರಾನ್ ದಪ್ಪದ ಪದರ. ಕಣ್ಣಿಗೇ ಕಾಣುತ್ತದೆ. ಅದೇ ಎಣ್ಣೆ ಸೆಕೆಂಡಿಗೆ 20 ಲೀಟರ್ ಹರಿಯುವ ಕೂಲಿಂಗ್ ನೀರಿಗೆ ಸೇರಿದರೆ 0.4 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 0.4 ಪಾಲು), ಸಾಮಾನ್ಯ ಮೀಟರು ಅದನ್ನು ಗಟ್ಟಿಯಾಗಿ ಹೇಳಲಾರದು. ಟೇಲ್‌ರೇಸ್ (ಟರ್ಬೈನಿನಿಂದ ಹೊರಬಿದ್ದ ನೀರಿನ ಕಾಲುವೆ) ಸೇರಿದ ಮೇಲಂತೂ ಮುಗಿಯಿತು. ಸೋರಿಕೆ ಅದೇ, ಹಿಡಿಯುವ ಜಾಗ ಬೇರೆಯಾದರೆ ಫಲ ಪೂರಾ ಬೇರೆ.

ಇಲ್ಲೇ ಇನ್ನೊಂದು ಲೆಕ್ಕ. ಒಳನಾಡಿನ ಜಲಮೂಲಗಳಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಸಾಮಾನ್ಯ ಮಾನದಂಡ. ಮೀಟರಿನಲ್ಲಿ ಅಲಾರಂ ಅನ್ನು ಅದೇ 10ಕ್ಕೆ ಇಟ್ಟು ನಿಶ್ಚಿಂತರಾಗುವವರಿದ್ದಾರೆ. ಸೆಕೆಂಡಿಗೆ 20 ಲೀಟರ್ ಎಂದರೆ ದಿನಕ್ಕೆ 1,728 ಘನ ಮೀಟರ್. 10 ಮಿಲಿಗ್ರಾಂ ಮಟ್ಟದಲ್ಲಿ ದಿನಕ್ಕೆ 17 ಕಿಲೋ, ಹತ್ತಿರ ಹತ್ತಿರ 20 ಲೀಟರ್ ಎಣ್ಣೆ ಅಲಾರಂ ಬಾರಿಸದೆಯೇ ಹೊರಹೋಗಬಹುದು. ಪಿಪಿಎಂ ಮೀಟರ್ ಕಾನೂನು ಪಾಲನೆ ತೋರಿಸಲು ಬೇಕು. ಸೋರಿಕೆ ಶುರುವಾದದ್ದನ್ನು ತಿಳಿಯಲು ಎಣ್ಣೆ ಮೇಲೆದ್ದು ಸೇರಿಕೊಳ್ಳುವ ಜಾಗದಲ್ಲಿ ಪೊರೆ ಹಿಡಿಯುವ ಸೆನ್ಸರೇ ಬೇಕು. ಎರಡನ್ನೂ ಒಂದೇ ಎಂದುಕೊಂಡರೆ ಎರಡರ ಪ್ರಯೋಜನವೂ ಸಿಗುವುದಿಲ್ಲ.

ಸೆನ್ಸರ್ ಬಗೆಗಳು, ಅವು ಸೋಲುವ ಕಡೆಗಳು

ನೀರಿಗೆ ತಾಗದೆ ಮೇಲಿನಿಂದ ನೋಡುವ ಬಗೆಯಲ್ಲಿ ಎರಡು ಮುಖ್ಯ. ಒಂದು ಪ್ರತಿಫಲನದ್ದು. ನೀರಿನ ವಕ್ರೀಭವನಾಂಕ 1.33, ಖನಿಜ ತೈಲದ್ದು ಸುಮಾರು 1.47. ನೇರ ಬಿದ್ದ ಬೆಳಕಿನಲ್ಲಿ ನೀರು ನೂರಕ್ಕೆ 2ರಷ್ಟನ್ನು ವಾಪಸು ಕಳಿಸಿದರೆ ಎಣ್ಣೆ 3.6ರಷ್ಟನ್ನು ಕಳಿಸುತ್ತದೆ. ಈ ಒಂದೂಮುಕ್ಕಾಲು ಪಟ್ಟಿನ ವ್ಯತ್ಯಾಸವನ್ನೇ ಲೇಸರ್ ಹಾಯಿಸಿ ಅಳೆಯುತ್ತಾರೆ. ಎಣ್ಣೆ ಯಾವುದಾದರೂ ಸರಿ, ಇದು ಹಿಡಿಯುತ್ತದೆ. ತೊಂದರೆ ಬರುವುದು ಅಲೆ, ನೊರೆ, ಒಣ ಎಲೆಗಳಿಂದ. ಜಂಬಿಟ್ಟಿಗೆ ನೆಲದ ಒಸರು ನೀರು ಬರುವ ಸಂಪುಗಳಲ್ಲಿ ಇನ್ನೂ ಒಂದು ತೊಂದರೆ: ಕಬ್ಬಿಣದ ಬ್ಯಾಕ್ಟೀರಿಯಾ ನೀರಿನ ಮೇಲೆ ಕಟ್ಟುವ ಪೊರೆ ಎಣ್ಣೆಯಂತೆಯೇ ಬಣ್ಣ ಬಣ್ಣವಾಗಿ ಹೊಳೆಯುತ್ತದೆ, ಸೆನ್ಸರೂ ಮೋಸ ಹೋಗುತ್ತದೆ. ಪರೀಕ್ಷೆ ಸುಲಭ. ಕಡ್ಡಿಯಿಂದ ಕಲಕಿ. ಬ್ಯಾಕ್ಟೀರಿಯಾದ ಪೊರೆ ಚೂರು ಚೂರಾಗಿ ಒಡೆದು ಹಾಗೇ ಬಿಡಿ ಬಿಡಿಯಾಗಿ ನಿಲ್ಲುತ್ತದೆ. ಎಣ್ಣೆಯಾದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ.

ಇನ್ನೊಂದು ಪ್ರತಿದೀಪ್ತಿಯದ್ದು. ನೇರಳಾತೀತ ಬೆಳಕು ಬಿಟ್ಟರೆ ಎಣ್ಣೆಯಲ್ಲಿರುವ ಆರೊಮ್ಯಾಟಿಕ್ (ಉಂಗುರಾಕಾರದ) ಅಣುಗಳು ಅದನ್ನು ಹೀರಿ ನೀಲಿ ಕಡೆಯ ಬೆಳಕನ್ನು ಹೊರಸೂಸುತ್ತವೆ. ಒಂದೆರಡು ಮೈಕ್ರಾನಿನ ಪೊರೆಯನ್ನೂ ಹಿಡಿಯುವಷ್ಟು ಸೂಕ್ಷ್ಮ ವಿಧಾನ ಇದು, ಅಲೆಗೂ ಅಷ್ಟಾಗಿ ಅಂಜುವುದಿಲ್ಲ. ಆದರೆ ಖರೀದಿಗೆ ಮುಂಚೆ ಒಂದು ವಿಷಯ ಕೇಳಲೇಬೇಕು. ಡೀಸೆಲ್, ಕ್ರೂಡ್, ಫರ್ನೇಸ್ ಎಣ್ಣೆಗಳಲ್ಲಿ ಆರೊಮ್ಯಾಟಿಕ್ ಅಂಶ ಧಾರಾಳ. ಅವು ಚೆನ್ನಾಗಿ ಬೆಳಗುತ್ತವೆ. ಈಗಿನ ಟರ್ಬೈನ್ ಎಣ್ಣೆಗಳನ್ನು ಆ ಅಂಶ ಬಹುತೇಕ ಇಲ್ಲದಂತೆ ಶುದ್ಧಿ ಮಾಡಿರುತ್ತಾರೆ, ಅವು ಮಂಕಾಗಿ ಬೆಳಗುತ್ತವೆ. ಟ್ರಾನ್ಸ್‌ಫಾರ್ಮರ್ ಎಣ್ಣೆ ಅದರ ಮೂಲ ನೋಡಿಕೊಂಡು ನಡುವೆ ಎಲ್ಲೋ ಇರುತ್ತದೆ. ಮಾರುವವರು ತಟ್ಟೆಯಲ್ಲಿ ಡೀಸೆಲ್ ಹಾಕಿ ತೋರಿಸಿದರೆ ಒಪ್ಪಬೇಡಿ. ನಿಮ್ಮ ಗವರ್ನರಿನಿಂದ ಅರ್ಧ ಲೀಟರ್ ಎಣ್ಣೆ, ನಿಮ್ಮ ಸಂಪಿನಿಂದ ಒಂದು ಕ್ಯಾನ್ ನೀರು ಕೊಟ್ಟು ಅದರಲ್ಲೇ ತೋರಿಸಲು ಹೇಳಿ. ನೀರೂ ನಿಮ್ಮದೇ ಏಕೆಂದರೆ, ಮಲೆನಾಡಿನ ಎಲೆ ಕೊಳೆತ ಕಂದು ನೀರು ನೇರಳಾತೀತ ಬೆಳಕಿಗೆ ತಾನೂ ನೀಲಿಯಾಗಿ ಬೆಳಗುತ್ತದೆ. ಮೊದಲ ಮಳೆಗೆ ಈ ಹಿನ್ನೆಲೆ ಏರಿ, ಬೇಸಿಗೆಯಲ್ಲಿ ಹೊಂದಿಸಿದ ಅಲಾರಂ ಸುಮ್ಮಸುಮ್ಮನೆ ಬಾರಿಸತೊಡಗುತ್ತದೆ. ಆಗ ಯಾರೋ ಮಿತಿಯನ್ನು ಮೇಲಕ್ಕೆತ್ತುತ್ತಾರೆ, ಮಳೆ ನಿಂತ ಮೇಲೆ ಇಳಿಸುವವರಿರುವುದಿಲ್ಲ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಮಿತಿ ಬರೆದಿಟ್ಟುಕೊಂಡು ದಿನಾಂಕ ನೋಡಿ ಬದಲಿಸುವುದೇ ದಾರಿ.

ನೀರಿನಲ್ಲಿ ತೇಲುವ ಬಗೆಗಳಲ್ಲಿ ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅಥವಾ ಅಧಿಕ ಆವರ್ತನದ ತರಂಗ ಬಳಸುವವು ಗಟ್ಟಿಮುಟ್ಟು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಎಣ್ಣೆಯದು 2ರ ಆಸುಪಾಸು. ಇಷ್ಟು ಅಂತರ ಇರುವುದರಿಂದ ತಪ್ಪು ಕಡಿಮೆ. ಪದರದ ದಪ್ಪವನ್ನೂ ಹೇಳುತ್ತವೆ. ಆದರೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಪದರದ ಮಾತಿಗೆ ಇವುಗಳನ್ನು ನಂಬುವ ಹಾಗಿಲ್ಲ. ಮೇಲಿನ 12 ಚದರ ಮೀಟರ್ ಸಂಪಿನಲ್ಲಿ ಅರ್ಧ ಮಿಲಿಮೀಟರ್ ಎಂದರೆ 6 ಲೀಟರ್. ಎಂಟು ದಿನ ಸೋರಿದ ಮೇಲೆ ಸುದ್ದಿ ಬರುತ್ತದೆ. ಎಣ್ಣೆ ಹೀರಿ ಊದಿಕೊಂಡು ವಿದ್ಯುತ್ ರೋಧ ಏರಿಸುವ ಪಾಲಿಮರ್ ಪಟ್ಟಿಗಳೂ ಇವೆ. ಪೆಟ್ರೋಲಿಗೆ ಬೇಗ, ದಪ್ಪ ಟರ್ಬೈನ್ ಎಣ್ಣೆಗೆ ಬಹಳ ನಿಧಾನ. ವಿದ್ಯುದಾಗಾರಕ್ಕೆ ನಾನು ಇವನ್ನು ಸೂಚಿಸುವುದಿಲ್ಲ.

ಎರಡು ಎಲೆಕ್ಟ್ರೋಡುಗಳ ನಡುವಿನ ವಾಹಕತೆ ಅಳೆಯುವ ಅಗ್ಗದ ಸ್ವಿಚ್ಚು ಟ್ರಾನ್ಸ್‌ಫಾರ್ಮರ್ ಯಾರ್ಡಿನ ಎಣ್ಣೆ ಗುಂಡಿಗಳಲ್ಲಿ ತುಂಬಾ ಕಾಣುತ್ತದೆ. ನೀರಿದ್ದರೆ ಪಂಪು ಓಡಲಿ, ಎಣ್ಣೆ ಬಂದರೆ ನಿಲ್ಲಲಿ ಎಂಬ ಲೆಕ್ಕ. ಇದರ ಎರಡು ದೋಷಗಳು ವಿರುದ್ಧ ದಿಕ್ಕಿನವು. ಎಲೆಕ್ಟ್ರೋಡಿಗೆ ಒಮ್ಮೆ ಎಣ್ಣೆ ಅಂಟಿದರೆ ಕೆಳಗೆ ನೀರೇ ಇದ್ದರೂ ಎಣ್ಣೆ ಎನ್ನುತ್ತಲೇ ಇರುತ್ತದೆ. ಅದು ಕಿರಿಕಿರಿ, ಎಣ್ಣೆಯನ್ನಂತೂ ಹೊರಗೆ ಬಿಡುವುದಿಲ್ಲ. ಎರಡರ ನಡುವೆ ಪಾಚಿ, ಲೋಳೆ ಕಟ್ಟಿಕೊಂಡರೆ ಆ ಲೋಳೆಯೇ ವಿದ್ಯುತ್ತನ್ನು ಹಾಯಿಸುತ್ತದೆ, ಎಣ್ಣೆ ಬಂದರೂ ನೀರು ಎನ್ನುತ್ತದೆ. ಇದು ಅಪಾಯ, ಹೊರಗೆ ಕಾಣುವುದೂ ಇಲ್ಲ. ಪಶ್ಚಿಮ ಘಟ್ಟದ ಯಾರ್ಡುಗಳಲ್ಲಿ ಮೂರನೆಯದೊಂದಿದೆ. ಜೋರು ಮಳೆಯ ನೀರಿನಲ್ಲಿ ಲವಣ ಬಹಳ ಕಡಿಮೆ. ಬಾವಿ ನೀರಿಗೆ ಹೊಂದಿಸಿದ ಸ್ವಿಚ್ಚು ಮಳೆನೀರನ್ನೇ ಎಣ್ಣೆ ಎಂದುಕೊಂಡು ಪಂಪು ನಿಲ್ಲಿಸಿಬಿಡುತ್ತದೆ. 80 ಚದರ ಮೀಟರ್ ಗುಂಡಿಗೆ 100 ಮಿಲಿಮೀಟರ್ ಮಳೆ ಬಿದ್ದರೆ 8,000 ಲೀಟರ್ ನೀರು. ಮಳೆ ಮುಂದುವರಿದರೆ ಗುಂಡಿ ತುಂಬುತ್ತದೆ, ಆಮೇಲೆ ನಿಜಕ್ಕೂ ಟ್ರಾನ್ಸ್‌ಫಾರ್ಮರ್ ಸೋರಿದರೆ ಎಣ್ಣೆಗೆ ಜಾಗವೇ ಇರುವುದಿಲ್ಲ. ಇಂಥ ಕಡೆ ಧಾರಕತೆಯ ಬಗೆಯನ್ನೇ ಹಾಕಿ.

ಡ್ರೈನೇಜ್ ಸಂಪು

ವರಾಹಿಯಂಥ ಭೂಗರ್ಭ ವಿದ್ಯುದಾಗಾರಗಳಲ್ಲಿ ಬಂಡೆಯ ಒಸರು, ನೆಲ ತೊಳೆದ ನೀರು, ಸೀಲಿನಿಂದ ಸೋರಿದ ನೀರು ಎಲ್ಲವೂ ಸೇರುವುದು ಸಂಪಿಗೆ. ಎಣ್ಣೆ ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಅಲ್ಲಿಂದ ಮುಂದೆ ಪಂಪಿನ ಇಂಪೆಲ್ಲರ್ (ತಿರುಗುವ ಚಕ್ರ) ಎಣ್ಣೆಯನ್ನು ನುಣ್ಣಗೆ ಕಡೆದು ನೀರಿನೊಳಗೆ ಬೆರೆಸಿಬಿಡುತ್ತದೆ. ಸೆನ್ಸರ್ ಯಾವಾಗಲೂ ಪಂಪಿಗಿಂತ ಮೊದಲು.

ಸಂಪಿನ ಯಾವ ಮೂಲೆಗೆ? ನಕ್ಷೆ ನೋಡಿ ಹೇಳುವುದಕ್ಕಿಂತ ಒಂದು ಹಿಡಿ ಮಂಡಕ್ಕಿ ಎಸೆದು ಹತ್ತು ನಿಮಿಷ ಕಾಯಿರಿ. ಪಂಪು ಓಡುವಾಗ ಒಮ್ಮೆ, ನಿಂತಿರುವಾಗ ಒಮ್ಮೆ. ಎರಡೂ ಸಲ ಅದು ಹೋಗಿ ಕೂರುವ ಜಾಗವೇ ಎಣ್ಣೆಯೂ ಕೂರುವ ಜಾಗ. ಸಾಮಾನ್ಯವಾಗಿ ಒಳಹರಿವಿನ ಎದುರು ಗೋಡೆಯ ಒಂದು ಮೂಲೆ. ಎರಡು ಸಲವೂ ಬೇರೆ ಬೇರೆ ಕಡೆ ಹೋದರೆ ತೇಲುವ ಒಂದು ಅಡ್ಡಪಟ್ಟಿಯನ್ನು ಓರೆಯಾಗಿ ಕಟ್ಟಿ ಒಂದೇ ಮೂಲೆಗೆ ತಿರುಗಿಸಬೇಕು. ಮೇಲಿನಿಂದ ಧುಮುಕುವ ಡ್ರೈನ್ ಪೈಪುಗಳಿದ್ದರೆ ಬಾಯಿಗೆ ಬೆಂಡ್ ಹಾಕಿ ಗೋಡೆಗುಂಟ ಇಳಿಯುವಂತೆ ಮಾಡಿ. ಧುಮುಕುವ ನೀರು ಎಣ್ಣೆಯನ್ನು ಕೆಳಗೆ ಎಳೆದುಕೊಂಡು ಹೋಗುತ್ತದೆ, ನೊರೆಯನ್ನೂ ಎಬ್ಬಿಸುತ್ತದೆ.

ಅಲೆ ತಪ್ಪಿಸಲೆಂದು ಸೆನ್ಸರನ್ನು ಒಂದು ಪೈಪಿನೊಳಗೆ ಇಳಿಸುವುದುಂಟು. ಮಟ್ಟ ಅಳೆಯುವ ಸಾಧನಕ್ಕೆ ಮಾಡಿದಂತೆಯೇ ತಳದಲ್ಲಿ ನಾಲ್ಕು ತೂತು ಕೊರೆದ ಪೈಪು. ನೀರು ತಳದ ತೂತಿನಿಂದ ಒಳಗೆ ಬರುತ್ತದೆ, ಎಣ್ಣೆ ಹೊರಗೆ ಮೇಲೆ ತೇಲುತ್ತಿರುತ್ತದೆ. ಪೈಪಿನೊಳಗೆ ವರ್ಷಗಟ್ಟಲೆ ತಿಳಿನೀರು. ಸೆನ್ಸರ್ ಸರಿಯಿದೆ, ವೈರಿಂಗ್ ಸರಿಯಿದೆ, ಸ್ಕಾಡಾದಲ್ಲಿ (ಕಂಟ್ರೋಲ್ ರೂಮಿನ ಕಂಪ್ಯೂಟರ್ ನಿಗಾ ವ್ಯವಸ್ಥೆಯಲ್ಲಿ) ಹಸಿರು ದೀಪ ಉರಿಯುತ್ತಿದೆ, ಎಣ್ಣೆ ಹೊಳೆಗೆ ಹೋಗುತ್ತಿದೆ. ಎಷ್ಟೋ ಕಡೆ ಈ ಸಾಧನ ಏನೂ ಹೇಳದಿರುವುದಕ್ಕೆ ಕಾರಣ ಇದೇ. ಪೈಪು ಬೇಕೇ ಬೇಕೆಂದರೆ ಅತಿ ಕೆಳಗಿನ ನೀರಿನ ಮಟ್ಟದಿಂದ ಅತಿ ಮೇಲಿನ ಮಟ್ಟದ ತನಕ ಉದ್ದಕ್ಕೂ 25 ಮಿಲಿಮೀಟರ್ ಅಗಲದ ಸೀಳು ಬಿಡಿ, ಆ ಸೀಳು ಎಣ್ಣೆ ಬರುವ ದಿಕ್ಕಿಗಿರಲಿ. ಸೀಳಿಗೆ ಕಾಟನ್ ವೇಸ್ಟ್ ಸಿಕ್ಕಿಕೊಳ್ಳುತ್ತದೆ, ವಾರಕ್ಕೊಮ್ಮೆ ಕೈಯಾಡಿಸಿ ನೋಡಬೇಕು.

ಪಂಪು ಶುರುವಾಗುವ ಮತ್ತು ನಿಲ್ಲುವ ಮಟ್ಟಗಳ ನಡುವೆ ಒಂದೂವರೆ ಮೀಟರ್ ಅಂತರ ಇದ್ದರೆ ಮೇಲಿನಿಂದ ನೋಡುವ ಸೆನ್ಸರಿಗೆ ದೂರ ಬದಲಾಗುತ್ತಲೇ ಇರುತ್ತದೆ. ದೂರ ಹೆಚ್ಚಿದಷ್ಟೂ ಮರಳಿ ಬರುವ ಬೆಳಕು ಇಳಿಯುತ್ತದೆ. ಆ ಅಂತರವನ್ನು ತಡೆಯುತ್ತದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ, ಇಲ್ಲವಾದರೆ ತೇಲುವ ಚೌಕಟ್ಟಿನ ಮೇಲೆ ಕೂರಿಸಿ. ತೇಲುವಂಥದ್ದಕ್ಕೆ ದಾರಿ ತೋರುವ ಕಂಬಿಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುವುದು ಸಾಮಾನ್ಯ. ಸ್ಟೇನ್‌ಲೆಸ್ ಕಂಬಿ ಹಾಕಿ, ಕೇಬಲ್ಲಿಗೆ ಸಡಿಲ ಬಿಡಿ. ಗಾಜಿನ ಮೇಲೆ ತೇವ ಕಟ್ಟುವುದು, ಅದರ ಎದುರು ಜೇಡ ಬಲೆ ನೇಯುವುದು, ಇವೆರಡೂ ಭೂಗರ್ಭದಲ್ಲಿ ಖಂಡಿತ. ಗಾಜು ಬಿಸಿ ಮಾಡುವ ಹೀಟರ್ ಇರುವ ಮಾದರಿ ಕೊಳ್ಳಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಫ್ಲ್ಯಾಶ್ ಪಾಯಿಂಟ್ (ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣಾಂಶ) 135 ಡಿಗ್ರಿಗಿಂತ ಮೇಲಿರುವುದರಿಂದ ಪೆಟ್ರೋಲ್ ಬಂಕಿಗೆ ಬೇಕಾದಂಥ ಸ್ಫೋಟನಿರೋಧಕ ಪೆಟ್ಟಿಗೆಗೆ ಇಲ್ಲಿ ದುಡ್ಡು ಸುರಿಯಬೇಕಿಲ್ಲ.

ಸೋಪಿನ ಮಾತು ಹೇಳಲೇಬೇಕು. ಎಣ್ಣೆ ನೀರಿನ ಮೇಲೆ ಹರಡುವುದು ಮೇಲ್ಮೈ ಸೆಳೆತಗಳ ಲೆಕ್ಕದಿಂದ. ನೀರಿನ ಸೆಳೆತ ಮೀಟರಿಗೆ 72 ಮಿಲಿನ್ಯೂಟನ್. ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆಯದು ಸುಮಾರು 30, ಎಣ್ಣೆ ನೀರಿನ ನಡುವಿನದು 40ರ ಮೇಲೆ. ಕಳೆದು ನೋಡಿದರೆ ಉಳಿಯುವುದು ಏನೂ ಇಲ್ಲ, ಹಾಗಾಗಿ ಹೊಸ ಎಣ್ಣೆ ಪೊರೆಯಾಗದೆ ಬಿಲ್ಲೆ ಬಿಲ್ಲೆಯಾಗಿ ತೇಲುವುದೂ ಉಂಟು. ಹಳತಾದ ಎಣ್ಣೆ ಸಲೀಸಾಗಿ ಹರಡುತ್ತದೆ. ಈಗ ನೆಲ ತೊಳೆದ ಡಿಟರ್ಜೆಂಟ್ ಸಂಪಿಗೆ ಬಂತು ಎನ್ನಿ. ನೀರಿನ ಸೆಳೆತ 35ರ ಹತ್ತಿರ ಕುಸಿಯುತ್ತದೆ, ಎಣ್ಣೆ ಹರಡುವುದನ್ನು ಬಿಟ್ಟು ಸಣ್ಣ ಕಣಗಳಾಗಿ ನೀರಿನೊಳಗೇ ಉಳಿಯುತ್ತದೆ. ಮೇಲ್ಮೈ ನೋಡುವ ಯಾವ ಸೆನ್ಸರಿಗೂ ಅದು ಕಾಣದು, ಎಣ್ಣೆ ಬೇರ್ಪಡಿಸುವ ತೊಟ್ಟಿಯೂ ಹಿಡಿಯದು. ಟರ್ಬೈನ್ ನೆಲಕ್ಕೆ ಮರದ ಪುಡಿ, ಹೀರುವ ಪ್ಯಾಡು ಬಳಸಿ ಒರೆಸಬೇಕು. ಸೋಪು ಬೇಡ.

ಅಲಾರಂ ಬಂದಾಗ ಪಂಪು ನಿಲ್ಲಬೇಕೇ

ಎಣ್ಣೆ ಕಂಡೊಡನೆ ಡ್ರೈನೇಜ್ ಪಂಪು ನಿಲ್ಲಿಸುವ ಇಂಟರ್‌ಲಾಕ್ ಕಾಗದದ ಮೇಲೆ ಚೆನ್ನ. ರಾತ್ರಿ ಹೊತ್ತು ಸುಳ್ಳು ಅಲಾರಂ ಬಂದು ಪಂಪು ನಿಂತರೆ ವಿದ್ಯುದಾಗಾರಕ್ಕೇ ನೀರು ನುಗ್ಗುತ್ತದೆ, ಅದು ಎಣ್ಣೆಗಿಂತ ದೊಡ್ಡ ಅನಾಹುತ. ಸರಿಯಾದ ಕ್ರಮ ಬೇರೆ. ಎಣ್ಣೆ ಮೇಲೆ ತೇಲುತ್ತದೆ, ಪಂಪು ತಳದಿಂದ ಎಳೆಯುತ್ತದೆ. ಮಟ್ಟ ತೀರಾ ಇಳಿದು ಸುಳಿ ಕಟ್ಟಿದಾಗಲೇ ಎಣ್ಣೆ ಒಳಗೆ ಹೋಗುವುದು. ಆದ್ದರಿಂದ ಅಲಾರಂ ಬಂದರೆ ಪಂಪು ನಿಲ್ಲುವ ಮಟ್ಟವನ್ನು ಅರ್ಧ ಮೀಟರ್ ಮೇಲಕ್ಕೆ ಎತ್ತುವಂತೆ ಲಾಜಿಕ್ ಬರೆಯಿರಿ. ಎಣ್ಣೆಯ ಪದರ ಮೇಲೆಯೇ ಉಳಿಯುತ್ತದೆ, ನೀರು ಹೋಗುತ್ತಲೇ ಇರುತ್ತದೆ, ಜನ ಬಂದು ಎಣ್ಣೆ ಎತ್ತಲು ಸಮಯ ಸಿಗುತ್ತದೆ. ಅಪಾಯದ ಮೇಲ್ಮಟ್ಟ ಮುಟ್ಟಿದರೆ ಮಾತ್ರ ಎಣ್ಣೆ ಇರಲಿ ಬಿಡಲಿ ಪಂಪು ಓಡಲೇಬೇಕು, ಆ ಸ್ವಿಚ್ಚು ಸೆನ್ಸರಿನ ಸರ್ಕ್ಯೂಟಿನಿಂದ ಪೂರ್ತಿ ಪ್ರತ್ಯೇಕವಾಗಿರಲಿ. ಅಲಾರಂ ರಿಲೇ ಸರಿಯಿದ್ದಾಗ ಎಳೆದಿದ್ದು, ಕರೆಂಟು ಹೋದರೆ ಅಥವಾ ವೈರು ತುಂಡಾದರೆ ಬಿಡುವಂತಿರಬೇಕು. 4ರಿಂದ 20 ಮಿಲಿಆಂಪಿಯರ್ ಸಂಕೇತವಾದರೆ 3.6ಕ್ಕಿಂತ ಕೆಳಗಿಳಿದದ್ದನ್ನು ದೋಷ ಎಂದು ತೋರಿಸಿ, ಸೊನ್ನೆ ಎಣ್ಣೆ ಎಂದಲ್ಲ.

ಟ್ರಾನ್ಸ್‌ಫಾರ್ಮರ್ ಕೂಲರಿನ ನೀರು

ನೀರಿನಿಂದ ತಣಿಸುವ ಟ್ರಾನ್ಸ್‌ಫಾರ್ಮರುಗಳಲ್ಲಿ ಎಣ್ಣೆಯ ಒತ್ತಡವನ್ನು ಬೇಕೆಂದೇ ನೀರಿನ ಒತ್ತಡಕ್ಕಿಂತ ಹೆಚ್ಚಿಟ್ಟಿರುತ್ತಾರೆ. ಟ್ಯೂಬು ತೂತಾದರೆ ನೀರು ಟ್ರಾನ್ಸ್‌ಫಾರ್ಮರಿಗೆ ಹೋಗಬಾರದು ಎಂಬುದು ಉದ್ದೇಶ. ಬೆಲೆ ತೆರುವುದು ಹೊಳೆ: ಎಣ್ಣೆ ನೇರ ಕೂಲಿಂಗ್ ನೀರಿಗೆ. ಬೇರಿಂಗ್ ಕೂಲರಿನಲ್ಲಿ ಸಾಮಾನ್ಯವಾಗಿ ಉಲ್ಟಾ, ನೀರು ಎಣ್ಣೆಗೆ ಬರುತ್ತದೆ, ಎಣ್ಣೆಯ ಮಟ್ಟ ಏರಿದ್ದನ್ನು ನೋಡಿ ಗೊತ್ತಾಗುತ್ತದೆ. ಹಾಗಾಗಿ ಮೊದಲ ಆದ್ಯತೆ ಟ್ರಾನ್ಸ್‌ಫಾರ್ಮರ್ ಕೂಲರಿನ ಹೊರಹರಿವಿಗೆ. ಎರಡು ಗೋಡೆಯ ಟ್ಯೂಬಿನ ಕೂಲರುಗಳಿದ್ದರೆ ನಡುವಿನ ಸಂದಿನಲ್ಲೇ ಸೋರಿಕೆ ತಿಳಿಯುತ್ತದೆ. ಒಂದೇ ಗೋಡೆಯ ಹಳೆಯವಕ್ಕೆ ಕೆಳಗಿನ ಏರ್ಪಾಡು.

ಒತ್ತಡದ ಪೈಪಿನಲ್ಲಿ ಮೇಲ್ಮೈ ಎಂಬುದೇ ಇಲ್ಲ, ನಾವೇ ಒಂದು ಮಾಡಿಕೊಳ್ಳಬೇಕು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಸಾಕು. ಹೊರಹರಿವಿನ ಪೈಪು ಲಂಬವಾಗಿ ಏರುವ ಕಡೆ, ಬಾಯಿ ನಡುಮಧ್ಯಕ್ಕೆ ಬರುವಂತೆ ಸಣ್ಣ ನಳಿಕೆ ತೂರಿಸಿ ನಿಮಿಷಕ್ಕೆ 5 ಲೀಟರ್ ತೆಗೆಯಿರಿ. ಅಡ್ಡ ಪೈಪಿನ ತಳದಿಂದ ತೆಗೆದರೆ ಎಣ್ಣೆ ಮೇಲ್ಗಡೆಯಿಂದ ಹಾದುಹೋಗಬಹುದು. ಆ ನೀರನ್ನು ಡ್ರಮ್ಮಿನಲ್ಲಿ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಅಗಲ ಬಾಯಿಯ ಪೈಪಿನಿಂದ ಮೆಲ್ಲಗೆ ಬಿಡಿ. ಹೊರಹೋಗುವುದು ತಳದಿಂದ, ಅಲ್ಲಿಂದ ಪೈಪು ಮೇಲೇರಿ ಬೇಕಾದ ಮಟ್ಟದಲ್ಲಿ ಬಾಗಿ ಡ್ರೈನಿಗೆ ಇಳಿಯಲಿ. ಬಾಗಿದ ತುದಿಯಲ್ಲಿ ಗಾಳಿಗೆ ತೆರೆದ ಒಂದು ತೂತು ಇರದಿದ್ದರೆ ಸೈಫನ್ ಹಿಡಿದು ಡ್ರಮ್ಮು ಖಾಲಿಯಾಗುತ್ತದೆ, ಜೊತೆಗೆ ಹಿಡಿದಿಟ್ಟ ಎಣ್ಣೆಯೂ ಹೋಗುತ್ತದೆ.

ಡ್ರಮ್ಮಿನ ಅಡ್ಡಳತೆ 57 ಸೆಂಟಿಮೀಟರ್, ಮೇಲ್ಮೈ ಸುಮಾರು ಕಾಲು ಚದರ ಮೀಟರ್. ನಿಮಿಷಕ್ಕೆ 5 ಲೀಟರಿನಲ್ಲಿ ನೀರು ಕೆಳಗಿಳಿಯುವ ವೇಗ ಸೆಕೆಂಡಿಗೆ 0.33 ಮಿಲಿಮೀಟರ್. 30 ಡಿಗ್ರಿ ನೀರಿನಲ್ಲಿ 150 ಮೈಕ್ರಾನಿನ ಎಣ್ಣೆ ಹನಿ ಸೆಕೆಂಡಿಗೆ 1.7 ಮಿಲಿಮೀಟರ್ ಏರುತ್ತದೆ, 20 ಮೈಕ್ರಾನಿನದು 0.03 ಮಾತ್ರ. ಅಂದರೆ ಸುಮಾರು 65 ಮೈಕ್ರಾನಿಗಿಂತ ದೊಡ್ಡ ಹನಿಗಳು ಮೇಲೆ ಉಳಿಯುತ್ತವೆ, ಸಣ್ಣವು ಕೊಚ್ಚಿಹೋಗುತ್ತವೆ. ಡ್ರಮ್ಮು ಎತ್ತರ ಮಾಡಿದರೆ ಪ್ರಯೋಜನವಿಲ್ಲ, ಅಗಲ ಮಾಡಿದರೆ ಉಂಟು. ಮೊದಲು ಹೇಳಿದ 720 ಮಿಲಿಲೀಟರ್ ಸೋರಿಕೆಯಲ್ಲಿ ನಮ್ಮ ಪಾಲು 240ರಲ್ಲಿ ಒಂದು, ದಿನಕ್ಕೆ 3 ಮಿಲಿಲೀಟರ್. ಪೂರ್ತಿ ಹಿಡಿದರೆ 12 ಮೈಕ್ರಾನ್ ಪದರ, ಅರ್ಧ ತಪ್ಪಿಸಿಕೊಂಡರೂ 6. ಪಿಪಿಎಂ ಮೀಟರಿಗೆ ಕಾಣದ ಸೋರಿಕೆ ಪೊರೆ ಹಿಡಿಯುವ ಸೆನ್ಸರಿಗೆ ದಿನದೊಳಗೆ ಸಿಗುತ್ತದೆ. ಹರಿವು ನಿಂತದ್ದೂ ಗೊತ್ತಾಗಬೇಕು. ಕೆಸರು ಕಟ್ಟಿದ ನಳಿಕೆಯಿಂದ ಎಣ್ಣೆ ಬರುವುದಿಲ್ಲ. ಒಂದು ಫ್ಲೋ ಸ್ವಿಚ್ ತಪ್ಪದೆ ಹಾಕಿ.

ಪರೀಕ್ಷೆ

ಗುಂಡಿ ಒತ್ತಿ ದೀಪ ಉರಿಸಿದರೆ ಪರೀಕ್ಷೆಯಾದಂತಲ್ಲ, ಅದು ವೈರನ್ನು ಮಾತ್ರ ನೋಡುತ್ತದೆ. 30 ಸೆಂಟಿಮೀಟರ್ ಅಡ್ಡಳತೆಯ ಪ್ಲಾಸ್ಟಿಕ್ ಟಬ್ಬಿನ ತಳ ಕತ್ತರಿಸಿ ಬಳೆಯಂತೆ ಮಾಡಿ, ಅಂಚಿಗೆ ಥರ್ಮಾಕೋಲ್ ಕಟ್ಟಿ ಸೆನ್ಸರಿನ ಕೆಳಗೆ ತೇಲಿಬಿಡಿ. ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜಿನಿಂದ 0.1 ಮಿಲಿಲೀಟರ್ ಎಣ್ಣೆ ಬಿಟ್ಟರೆ ಬಳೆಯೊಳಗೆ ಸರಾಸರಿ 1.4 ಮೈಕ್ರಾನ್, ಪೂರ್ತಿ 1 ಮಿಲಿಲೀಟರ್ ಬಿಟ್ಟರೆ 14. ಯಾವ ಪ್ರಮಾಣಕ್ಕೆ, ಎಷ್ಟು ಸೆಕೆಂಡಿಗೆ ಅಲಾರಂ ಬಂತು ಎಂದು ಬರೆದಿಡಿ. ಹೀರುವ ಪ್ಯಾಡಿನಿಂದ ಎಣ್ಣೆ ತೆಗೆದ ಮೇಲೆ ಓದಿಕೆ ಹಳೆಯ ಮಟ್ಟಕ್ಕೆ ಇಳಿಯಿತೇ ನೋಡಿ. ಇಳಿಯದಿದ್ದರೆ ಗಾಜಿಗೆ ಅಥವಾ ಫ್ಲೋಟಿಗೆ ಎಣ್ಣೆ ಅಂಟಿದೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ತಿಂಗಳಿಗೊಮ್ಮೆ ಇದು ಬೇಕು, ಮಳೆ ಶುರುವಾಗುವ ಮುಂಚೆ ಖಂಡಿತ. ತೆರೆದ ಟೇಲ್‌ರೇಸಿನಲ್ಲಿ ಈ ಪರೀಕ್ಷೆ ಮಾಡಬಾರದು.

ಕಾಪ್ಲಾನ್ ಹಬ್

ಆಲಮಟ್ಟಿಯಂಥ ಕಡಿಮೆ ಎತ್ತರದ ನೀರಿನ ಕಾಪ್ಲಾನ್ ಯಂತ್ರಗಳಲ್ಲಿ ರನ್ನರ್ ಎಲೆಗಳ ಬುಡದ ಸೀಲು ಸವೆದರೆ ಹಬ್‌ನ ಎಣ್ಣೆ ಯಾವ ಸಂಪನ್ನೂ ಮುಟ್ಟದೆ ನೇರ ಹೊಳೆಗೆ ಹೋಗುತ್ತದೆ. ಟೇಲ್‌ರೇಸಿನ ಮೇಲೆ ಸೆನ್ಸರ್ ನೇತುಹಾಕಿದರೆ ಆ ಭೋರ್ಗರೆತದಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ. ಇಲ್ಲಿ ಹಣ ಖರ್ಚು ಮಾಡಬೇಕಾದದ್ದು ಗವರ್ನರಿನ ಎಣ್ಣೆ ಟ್ಯಾಂಕಿಗೆ ಒಂದು ನಿಖರ ಮಟ್ಟಮಾಪಕ ಹಾಕಲು. ಮಟ್ಟವನ್ನು ಹೋಲಿಸುವಾಗ ಗೈಡ್ ವೇನ್ (ಟರ್ಬೈನಿಗೆ ನೀರು ಬಿಡುವ ಬಾಗಿಲು) ಮತ್ತು ರನ್ನರ್ ಎಲೆಗಳ ಸ್ಥಾನ, ಒತ್ತಡದ ಟ್ಯಾಂಕಿನ ಮಟ್ಟ, ಎಣ್ಣೆಯ ಉಷ್ಣಾಂಶ ಈ ಮೂರೂ ಒಂದೇ ಇರಬೇಕು. ಎಣ್ಣೆ ಒಂದು ಡಿಗ್ರಿಗೆ ಸಾವಿರಕ್ಕೆ 0.7ರಷ್ಟು ಹಿಗ್ಗುತ್ತದೆ, 5,000 ಲೀಟರಿನ ವ್ಯವಸ್ಥೆಯಲ್ಲಿ 10 ಡಿಗ್ರಿ ಏರಿದರೆ 35 ಲೀಟರ್ ಹೆಚ್ಚು ತೋರುತ್ತದೆ, ಅಷ್ಟು ಸೋರಿಕೆ ಅದರ ಹಿಂದೆ ಅಡಗಿಬಿಡುತ್ತದೆ. ಯಂತ್ರ ನಿಂತಿರುವಾಗ, ವಾರಕ್ಕೊಮ್ಮೆ, ಉಷ್ಣಾಂಶದ ತಿದ್ದುಪಡಿ ಸೇರಿಸಿ ದಾಖಲಿಸಿ. ಹೊಸದಾಗಿ ಸೇರಿಸಿದ ಪ್ರತಿ ಲೀಟರ್ ಎಣ್ಣೆಯೂ ಅದೇ ಪುಟದಲ್ಲಿ ಇರಲಿ, ಏಕೆಂದರೆ ಟಾಪ್ ಅಪ್ ಬೇರೆ ಪುಸ್ತಕದಲ್ಲಿ, ಮಟ್ಟ ಬೇರೆ ಪುಸ್ತಕದಲ್ಲಿ ಇರುವ ಕಡೆ ಎಣ್ಣೆ ಹೋದದ್ದು ಎಷ್ಟು ಎಂದು ಕೂಡಿಸಿ ನೋಡುವವರು ಇರುವುದಿಲ್ಲ.